ಕೂಸಿನ ಮೈ, ಹಿರಿಯರ ತೀರ್ಮಾನ

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಗಂಡುಮಕ್ಕಳ ಶಿಶ್ನದ ತುದಿ ಚರ್ಮ ತೆಗೆಸಬೇಕೋ ಬೇಡವೋ, ತೆಗೆಸುವುದಾದರೆ ಯಾವಾಗ, ಯಾರ ಕೈಯಲ್ಲಿ. ಕುಮಟಾದಲ್ಲಿ ಮಕ್ಕಳ ಡಾಕ್ಟರಾಗಿ ಬಹಳ ವರ್ಷ ಕೂತವಳು ನಾನು. ಈ ಮಾತು ಬಂದ ಕೂಡಲೇ ತಾಯಂದಿರು ದನಿ ತಗ್ಗಿಸುತ್ತಾರೆ, ಅಪ್ಪಂದಿರು ಬಾಗಿಲ ಹೊರಗೆ ಹೋಗಿ ನಿಲ್ಲುತ್ತಾರೆ. ಹಾಗಾಗಿ ಜ್ವರ, ಕೆಮ್ಮು, ಊಟದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಡಾಕ್ಟ್ರೇ, ನಮ್ಮ ಮಾಣಿಗೆ ಮೂರು ವರ್ಷ. ಉಚ್ಚೆ ಹೊಯ್ಯುವಾಗ ತುದಿ ಚರ್ಮ ಬಲೂನಿನಂತೆ ಉಬ್ಬುತ್ತದೆ. ಹಿಂದೆ ಸರಿಸಲು ಆಗುವುದೇ ಇಲ್ಲ. ಅತ್ತೆ ದಿನಾ ಎಣ್ಣೆ ಹಚ್ಚಿ ಎಳೆಯಬೇಕು ಅನ್ನುತ್ತಾರೆ. ಒಂದು ಕಡೆ ತೋರಿಸಿದೆವು, ಫಿಮೋಸಿಸ್ ಇದೆ, ಅಂದರೆ ಚರ್ಮದ ಬಾಯಿ ಬಿಗಿ, ಆಪರೇಶನ್ ಮಾಡಿಸಿ ಅಂದರು. ನಮ್ಮಲ್ಲಿ ಇದೆಲ್ಲ ರೂಢಿ ಇಲ್ಲ. ತುಂಬಾ ಹೆದರಿಕೆ ಆಗುತ್ತಿದೆ.
ಒಬ್ಬ ತಾಯಿ, ಶಿರಸಿ

ತಂಗಿ, ಮೊದಲು ಎಳೆಯುವುದನ್ನು ನಿಲ್ಲಿಸಿ. ಇವತ್ತಿನಿಂದಲೇ. ಅತ್ತೆಯವರಿಗೆ ಈ ಪುಟ ಓದಿ ಹೇಳಿ.

ಗಂಡುಕೂಸು ಹುಟ್ಟುವಾಗ ತುದಿ ಚರ್ಮದ ಒಳಬದಿ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಹಸಿ ಗೇರುಬೀಜದ ತಿರುಳಿಗೆ ಒಳಸಿಪ್ಪೆ ಅಂಟಿರುತ್ತದಲ್ಲ, ಹಾಗೆ. ಒಣಗಿದ ಮೇಲೆ ಅದೇ ಸಿಪ್ಪೆ ಬೆರಳಲ್ಲಿ ಉಜ್ಜಿದರೆ ಬಿಡುತ್ತದೆ. ಹಸಿ ಇರುವಾಗ ಕೀಳಲು ಹೋದರೆ ತಿರುಳೂ ಕಿತ್ತು ಬರುತ್ತದೆ. ಈ ಚರ್ಮವೂ ತನ್ನಷ್ಟಕ್ಕೆ ನಿಧಾನವಾಗಿ ಬಿಡಬೇಕು. ಕೆಲವರಿಗೆ ಎರಡು ವರ್ಷಕ್ಕೆ, ಕೆಲವರಿಗೆ ಹತ್ತಕ್ಕೆ, ಕೆಲವರಿಗೆ ಮೀಸೆ ಚಿಗುರುವ ಹೊತ್ತಿಗೆ.

ಇದು ಲೆಕ್ಕ ಹಾಕಿ ನೋಡಿದ ವಿಷಯ. 1949ರಲ್ಲಿ ಇಂಗ್ಲೆಂಡಿನ ಮಕ್ಕಳ ಡಾಕ್ಟರ್ ಡಗ್ಲಾಸ್ ಗೇರ್ಡ್ನರ್ ಹಸುಗೂಸುಗಳನ್ನು ಪರೀಕ್ಷಿಸಿ ಬರೆದರು: ಹುಟ್ಟಿದಾಗ ಚರ್ಮ ಪೂರ್ತಿ ಸರಿಯುವುದು ನೂರಕ್ಕೆ ನಾಲ್ಕು ಮಕ್ಕಳಲ್ಲಿ ಮಾತ್ರ. ಆಮೇಲೆ ಡೆನ್ಮಾರ್ಕಿನಲ್ಲಿ ಶಾಲೆಯ ಹುಡುಗರನ್ನು ವರ್ಷಗಟ್ಟಲೆ ನೋಡಿ 1968ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಸಮಾಧಾನದ್ದು. ಆರೇಳು ವರ್ಷದವರಲ್ಲಿ ನೂರಕ್ಕೆ ಎಂಟು ಹುಡುಗರಿಗೆ ಚರ್ಮ ಬಿಗಿ ಇತ್ತು. ಹದಿನಾರು ಹದಿನೇಳಕ್ಕೆ ಬರುವಾಗ ಅದು ಒಂದಕ್ಕೆ ಇಳಿದಿತ್ತು. ನಿಮ್ಮ ಮಾಣಿಗೆ ಮೂರೇ ವರ್ಷ. ಟೈಮ್ ಬೇಕಾದಷ್ಟು ಇದೆ.

ಬಲೂನಿನಂತೆ ಉಬ್ಬುವುದನ್ನು ನೋಡಿದರೆ ಯಾರಿಗಾದರೂ ಗಾಬರಿಯೇ. ಆದರೆ ಒಳಗೆ ಚರ್ಮ ಬಿಡಲು ಶುರುವಾಗಿದೆ, ಹೊರಗಿನ ಬಾಯಿ ಇನ್ನೂ ಸಣ್ಣದಿದೆ, ಅಷ್ಟೇ. ನೋವಿಲ್ಲದೆ, ಅಳದೆ, ಧಾರೆ ಸರಾಗ ಬರುತ್ತಿದ್ದರೆ ಏನೂ ಮಾಡಬೇಡಿ. ಚರ್ಮದಡಿ ಅಕ್ಕಿಕಾಳಿನಷ್ಟು ಬಿಳಿ ಗಂಟು ಕಂಡರೂ ಕೀವು ಅಂದುಕೊಳ್ಳಬೇಡಿ. ಉದುರಿದ ಚರ್ಮದ ಕಣಗಳು ಸೇರಿ ಹಾಗೆ ಕಾಣುತ್ತವೆ. ತಾವಾಗಿಯೇ ಹೊರಗೆ ಬರುತ್ತವೆ.

ಎಳೆದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೂಸಿಗೆ ಮೀಯಿಸುವ ಹೆಂಗಸು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಮೂಗು ಎಳೆದ ಹಾಗೆ, ತಲೆ ತಟ್ಟಿದ ಹಾಗೆ ಇದನ್ನೂ ಒಂದು ಸಲ ತೆಂಗಿನೆಣ್ಣೆ ಹಚ್ಚಿ ಹಿಂದಕ್ಕೆ ಎಳೆಯುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ. ಆದರೆ ಆ ಎಳೆತಕ್ಕೆ ಚರ್ಮದ ಬಾಯಿಯಲ್ಲಿ ಕೂದಲೆಳೆಯಷ್ಟು ಸೀಳು ಬೀಳುತ್ತದೆ. ಅದು ಮಾಯುವಾಗ ಗಟ್ಟಿಯಾಗಿ ಕಲೆ ಕಟ್ಟುತ್ತದೆ. ಇಲ್ಲದ ಬಿಗಿ ಹಾಗೆ ಹುಟ್ಟಿಕೊಳ್ಳುತ್ತದೆ. ಎಳೆದ ಚರ್ಮ ವಾಪಸ್ ಮುಂದಕ್ಕೆ ಬಾರದೆ ಹಿಂದೆಯೇ ಸಿಕ್ಕಿಕೊಂಡು ತುದಿ ಊದಿಕೊಂಡರೆ ಇನ್ನೂ ಕಷ್ಟ. ಆಗ ಬೆಳಗಾಗಲಿ ಅಂತ ಕಾಯಬಾರದು. ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಆಪರೇಶನ್ ಬೇಕಾಗುವ ಮಕ್ಕಳು ಇಲ್ಲ ಅಂತಲ್ಲ. ಚರ್ಮದ ಬಾಯಿ ಬೆಳ್ಳಗೆ, ಗಡುಸಾಗಿ, ಉಂಗುರದ ಹಾಗೆ ಬಿಗಿದಿದ್ದರೆ ಅದು ನಿಜವಾದ ಕಾಯಿಲೆ. ಮತ್ತೆ ಮತ್ತೆ ಕೀವಾಗುವುದು, ಮೂತ್ರದ ಸೋಂಕು ಬಿಡದೆ ಬರುವುದು, ಧಾರೆ ಕಟ್ಟುವುದು, ಇವೆಲ್ಲ ತೋರಿಸಲೇಬೇಕಾದವು. ಆಗಲೂ ಸಾಮಾನ್ಯವಾಗಿ ಮೊದಲ ಹೆಜ್ಜೆ ಕತ್ತರಿ ಅಲ್ಲ. ಬೀಟಾಮೆಥಸೋನ್ ಅನ್ನುವ ಮುಲಾಮನ್ನು ಡಾಕ್ಟರು ಹೇಳಿದ ಹಾಗೆ ದಿನಕ್ಕೆ ಎರಡು ಸಲ, ನಾಲ್ಕರಿಂದ ಎಂಟು ವಾರ ಹಚ್ಚಿದರೆ ಹೆಚ್ಚಿನ ಮಕ್ಕಳಲ್ಲಿ ಚರ್ಮ ಸಡಿಲಾಗುತ್ತದೆ. ಅಂಗಡಿಯಲ್ಲಿ ಕೇಳಿ ನೀವೇ ತಂದು ಹಚ್ಚಬೇಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಕೆಲಸ ಇದ್ದಾಗ ಮಕ್ಕಳ ಸರ್ಜನ್ ಒಬ್ಬರಿಗೆ ತೋರಿಸಿ ಎರಡನೇ ಅಭಿಪ್ರಾಯ ಕೇಳಿ. ಅಲ್ಲಿವರೆಗೆ ಸ್ನಾನದಲ್ಲಿ ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು.

ನನಗೆ 27 ವರ್ಷ. ಮದುವೆ ಗೊತ್ತಾಗಿದೆ. ಚರ್ಮ ಬಿಗಿ ಇದೆ, ನೋವಾಗುತ್ತದೆ. ಯಾರ ಹತ್ತಿರ ಕೇಳಬೇಕೋ ತಿಳಿಯದು.
ಹೊನ್ನಾವರ ತಾಲೂಕು

ತಮ್ಮಾ, ನಾನು ಮಕ್ಕಳ ಡಾಕ್ಟರು. ಆದರೂ ಇಷ್ಟು ಹೇಳುತ್ತೇನೆ. ಯುರಾಲಜಿಸ್ಟ್ ಅಥವಾ ಸರ್ಜನ್ ಹತ್ತಿರ ಹೋಗಿ, ನಾಚಿಕೆ ಬೇಡ, ಅವರಿಗೆ ಇದು ದಿನದ ಕೆಲಸ. ಮುಲಾಮಿನಲ್ಲೇ ಸರಿಹೋಗಬಹುದು. ಆಪರೇಶನ್ ಆದರೂ ಚರ್ಮ ಪೂರ್ತಿ ತೆಗೆಯದೆ ಬಾಯಿ ಮಾತ್ರ ಅಗಲ ಮಾಡುವ ವಿಧಾನ ಇದೆ, ಕೇಳಿ ನೋಡಿ. ಮದುವೆಗೆ ಎರಡು ತಿಂಗಳಾದರೂ ಮೊದಲೇ ಹೋಗಿ. ಮೊದಲು ಸರಿ ಇದ್ದು ಈಚೆಗೆ ಬಿಗಿಯಾಗಿದ್ದರೆ ರಕ್ತದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ಶುಗರ್ ಇರುವವರಲ್ಲಿ ಹೀಗಾಗುವುದು ಜಾಸ್ತಿ.

ಮಗಳು ಅಮೆರಿಕದಲ್ಲಿದ್ದಾಳೆ. ಬಾಣಂತನಕ್ಕೆ ಹೊರಟಿದ್ದೇನೆ. ಗಂಡು ಅಂತ ಗೊತ್ತಾಗಿದೆ. ಆಸ್ಪತ್ರೆಯವರು ಹುಟ್ಟಿದ ಎರಡೇ ದಿನಕ್ಕೆ ಸುನ್ನತಿ ಮಾಡುತ್ತೇವೆ, ಒಪ್ಪಿಗೆ ಕೊಡುತ್ತೀರಾ ಅಂತ ಕೇಳಿದ್ದಾರಂತೆ. ಅಳಿಯ, "ಇಲ್ಲಿ ಎಲ್ಲರೂ ಮಾಡಿಸುತ್ತಾರೆ, ಶಾಲೆಯಲ್ಲಿ ಬೇರೆ ಮಕ್ಕಳು ನಗಬಾರದು, ಕಾಯಿಲೆಯೂ ಬರಲ್ಲ" ಅನ್ನುತ್ತಾನೆ. ಮಗಳು ಅಳುತ್ತಾಳೆ. ನಾನೇನು ಹೇಳಲಿ?
ಅಂಕೋಲಾದ ಅಜ್ಜಿ

ಅಕ್ಕಾ, ಅಳಿಯ ಹೇಳುವುದರಲ್ಲಿ ಅರ್ಧ ನಿಜ ಇದೆ. ಅದನ್ನು ಬೇರೆ ಮಾಡಿ ನೋಡೋಣ.

ಅಮೆರಿಕದಲ್ಲಿ ಇದು ಧರ್ಮದಿಂದ ಬಂದ ಪದ್ಧತಿ ಅಲ್ಲ, ಡಾಕ್ಟರುಗಳಿಂದ ಬಂದದ್ದು. 1870ರ ಸುಮಾರಿಗೆ ನ್ಯೂಯಾರ್ಕಿನ ಲೂಯಿಸ್ ಸೇಯರ್ ಅನ್ನುವ ದೊಡ್ಡ ಸರ್ಜನ್ ಈ ಚರ್ಮ ತೆಗೆದರೆ ಕೈಕಾಲು ಸ್ವಾಧೀನ ಇಲ್ಲದ ಮಕ್ಕಳೂ ನಡೆಯುತ್ತಾರೆ ಅಂತ ಸಾರಿದ. ಅದು ಸುಳ್ಳಾಯಿತು, ರೂಢಿ ಮಾತ್ರ ಉಳಿಯಿತು. ಇಂಗ್ಲೆಂಡಿನಲ್ಲೂ ಒಂದು ಕಾಲದಲ್ಲಿ ಹೀಗೇ ಇತ್ತು. ಮೇಲೆ ಹೇಳಿದ ಗೇರ್ಡ್ನರ್, ಐದು ವರ್ಷದೊಳಗಿನ ಮಕ್ಕಳು ವರ್ಷಕ್ಕೆ ಸುಮಾರು 16 ಜನ ಇದರಿಂದಲೇ ಸಾಯುತ್ತಿದ್ದಾರೆ ಅಂತ ತೋರಿಸಿದರು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೂ ಕಾರಣವಿಲ್ಲದ ಆಪರೇಶನ್‌ಗೆ ದುಡ್ಡು ಕೊಡಲಿಲ್ಲ. ಅಲ್ಲಿ ರೂಢಿ ಬಿದ್ದುಹೋಯಿತು. ದಕ್ಷಿಣ ಕೊರಿಯಾಕ್ಕೆ ಇದು 1950ರ ಯುದ್ಧದ ನಂತರ ಅಮೆರಿಕದವರ ಪ್ರಭಾವದಿಂದ ಹೋಯಿತು, ಈಗ ಅಲ್ಲೂ ಇಳಿಯುತ್ತಿದೆ. "ಎಲ್ಲರೂ ಮಾಡಿಸುತ್ತಾರೆ" ಅನ್ನುವುದು ಅಮೆರಿಕದಲ್ಲೂ ಈಗ ಸರಿಯಲ್ಲ. ಮಾಡಿಸದೆ ಬಿಟ್ಟ ಮಕ್ಕಳು ಅಲ್ಲೂ ಬೇಕಾದಷ್ಟಿದ್ದಾರೆ.

ಕಾಯಿಲೆಯ ಮಾತು. ಮೊದಲ ವರ್ಷದಲ್ಲಿ ಗಂಡುಕೂಸಿಗೆ ಮೂತ್ರದ ಸೋಂಕು ಬರುವ ಸಂಭವ ನೂರಕ್ಕೆ ಒಂದರಷ್ಟು. ಚರ್ಮ ತೆಗೆಸಿದರೆ ಅದು ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ 2005ರಲ್ಲಿ ಲೆಕ್ಕ ಹಾಕಿದವರು ಕಂಡದ್ದು ಏನೆಂದರೆ, ಒಂದು ಸೋಂಕು ತಪ್ಪಿಸಲು 111 ಆರೋಗ್ಯವಂತ ಮಕ್ಕಳಿಗೆ ಈ ಆಪರೇಶನ್ ಮಾಡಬೇಕು. ಆ ಒಂದು ಸೋಂಕು ಆಂಟಿಬಯೋಟಿಕ್‌ನಲ್ಲಿ ವಾಸಿಯಾಗುವಂಥದ್ದು. ಎಚ್‌ಐವಿ ವಿಷಯವೂ ಹಾಗೇ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ ಹೆಂಗಸಿನಿಂದ ಗಂಡಸಿಗೆ ಹರಡುವುದು ಸುಮಾರು ಶೇಕಡಾ 60ರಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಅಂಥ ಪ್ರದೇಶಗಳಿಗೆ ಇದನ್ನು ಶಿಫಾರಸು ಮಾಡಿತು. ಅದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಆದರೆ ಅಲ್ಲಿ ಸೇರಿದವರು ಬೆಳೆದ ಗಂಡಸರು. ತಾವೇ ಒಪ್ಪಿ ಬಂದವರು. ನಿಮ್ಮ ಮೊಮ್ಮಗನಿಗೆ ಆ ಅಪಾಯ ಬರುವ ವಯಸ್ಸಿಗೆ ಅವನೇ ಓದಿ ತೀರ್ಮಾನ ಮಾಡಬಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2012ರಲ್ಲಿ ಎರಡು ಮಾತು ಹೇಳಿತು: ಲಾಭ ಅಪಾಯಕ್ಕಿಂತ ಜಾಸ್ತಿ, ಆದರೆ ಎಲ್ಲ ಗಂಡುಕೂಸಿಗೂ ಮಾಡಿಸಿ ಅನ್ನುವಷ್ಟಿಲ್ಲ. ಮೊದಲ ಮಾತನ್ನು ಯುರೋಪಿನ ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ, ಪ್ರತಿ ಕೂಸಿಗೂ ಮಾಡುವುದನ್ನು ಶಿಫಾರಸು ಮಾಡುವುದಿಲ್ಲ ಅಂತ ನೇರವಾಗಿ ಹೇಳಿತು. ಅಂದರೆ ಇದು ಲಸಿಕೆಯಂಥ ವಿಷಯ ಅಲ್ಲ. ಬೇಡ ಅಂದರೆ ಕೂಸಿಗೆ ಮೋಸ ಮಾಡಿದ ಹಾಗೆ ಆಗುವುದಿಲ್ಲ.

ನನ್ನ ಮಾತು ಇಷ್ಟು. ನಿಮ್ಮ ಮನೆಯಲ್ಲಿ ಧರ್ಮದ ಕಾರಣ ಇಲ್ಲ, ಕಾಯಿಲೆ ಇಲ್ಲ. ಆರೋಗ್ಯವಾಗಿರುವ ಕೂಸಿನ ಮೈಗೆ ಸುಮ್ನೆ ಕತ್ತರಿ ಹಾಕಿಸಬೇಡಿ. ಶಾಲೆಯಲ್ಲಿ ನಗುತ್ತಾರೆ ಅನ್ನುವ ಭಯ ಅಳಿಯನದ್ದು, ಕೂಸಿನದ್ದಲ್ಲ. ಮಗಳು ಹೆರಿಗೆಗೆ ಮೊದಲೇ ಆಸ್ಪತ್ರೆಗೆ ಬರವಣಿಗೆಯಲ್ಲಿ ಬೇಡ ಅಂತ ಕೊಡಲಿ. ಹೆರಿಗೆಯಾಗಿ ಸುಸ್ತಾಗಿ ಮಲಗಿದ್ದಾಗ ಕಾಗದ ಹಿಡಿದುಕೊಂಡು ಬಂದರೆ ಯೋಚನೆ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ಮೇಡಂ, ನಮಗೆ ಗಂಡು ಮಗು ಆಗಿ ಹತ್ತು ದಿನ. ಸುನ್ನತಿ ಮಾಡಿಸುವುದು ಖಚಿತ. ಅಣ್ಣ ದುಬೈಯಿಂದ ರಜೆಗೆ ಬಂದಾಗ ಊಟ ಇಟ್ಟುಕೊಂಡು, ಆವಾಗ ಮನೆಯಲ್ಲೇ ಮಾಡಿಸೋಣ, ಹಳಬರು ಒಬ್ಬರಿದ್ದಾರೆ, ನಮಗೆಲ್ಲ ಅವರೇ ಮಾಡಿದ್ದು ಅಂತ ಅಬ್ಬಾ ಹೇಳುತ್ತಾರೆ. ಹೆಂಡತಿ ಆಸ್ಪತ್ರೆಯಲ್ಲಿ, ಮರಗಟ್ಟಿಸಿಯೇ ಆಗಬೇಕು ಅನ್ನುತ್ತಾಳೆ. ಯಾವುದು ಸರಿ?
ಭಟ್ಕಳ

ನಿಮ್ಮ ಹೆಂಡತಿ ಹೇಳುವುದು ಸರಿ. ಅವರಿಗೆ ನನ್ನ ಸಲಾಂ ತಿಳಿಸಿ.

ಅಬ್ಬಾ ಅವರ ಅನುಭವವನ್ನು ನಾನು ಹಗುರ ಮಾಡುವುದಿಲ್ಲ. ಆ ಹಳಬರ ಕೈ ಪಳಗಿದ್ದೇ ಇರಬಹುದು. ಆದರೆ ಎಳೆಗೂಸಿಗೆ ನೋವು ತಿಳಿಯುವುದಿಲ್ಲ ಅಂತ ಡಾಕ್ಟರುಗಳೂ ನಂಬಿದ್ದ ಕಾಲ ಅದು. ಆ ನಂಬಿಕೆ ತಪ್ಪು ಅಂತ 1987ರ ಹೊತ್ತಿಗೆ ಗೊತ್ತಾಯಿತು. 1997ರಲ್ಲಿ ಕೆನಡಾದವರು ಇನ್ನೊಂದು ವಿಷಯ ಗಮನಿಸಿದರು. ಮರಗಟ್ಟಿಸದೆ ಸುನ್ನತಿ ಆದ ಮಕ್ಕಳು ನಾಲ್ಕು, ಆರು ತಿಂಗಳ ಲಸಿಕೆ ಚುಚ್ಚುವಾಗ ಬೇರೆ ಮಕ್ಕಳಿಗಿಂತ ಜಾಸ್ತಿ ಅಳುತ್ತಿದ್ದರು. ತಿಂಗಳುಗಳು ಕಳೆದರೂ ಆ ಮೈ ನೋವನ್ನು ಮರೆತಿರಲಿಲ್ಲ. ಜೇನುತುಪ್ಪ ನೆಕ್ಕಿಸಿ ಮಾಡಿದರೆ ಆಯಿತು ಅನ್ನಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಸಕ್ಕರೆ ನೀರು, ಎದೆಹಾಲು ಸಮಾಧಾನ ಕೊಡುತ್ತವೆ, ಆದರೆ ಕತ್ತರಿಯ ನೋವಿಗೆ ಸಾಲುವುದಿಲ್ಲ. ಬುಡದಲ್ಲಿ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು, ಅದು ಹಿಡಿಯಲು ಕೆಲವು ನಿಮಿಷ ಕಾದು ಮಾಡುವ ಸರ್ಜನ್ ಬೇಕು. ಮುಂಚೆಯೇ ಕೇಳಿ: "ಮರಗಟ್ಟಿಸುತ್ತೀರಾ, ಯಾವುದರಿಂದ?" ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ.

ಮಾಡುವ ಮೊದಲು ಮಗುವನ್ನು ಬೆಳಕಿನಲ್ಲಿ ಮಲಗಿಸಿ ಡಾಕ್ಟರಿಂದ ಪರೀಕ್ಷೆ ಮಾಡಿಸಿ. ಇದು ಬಹಳ ಮುಖ್ಯ. ನಮ್ಮ ಕರಾವಳಿಯ ಒಂದು ಕುಟುಂಬ ನನ್ನ ಹತ್ತಿರ ಕೂಸನ್ನು ತಂದಿತ್ತು. ತುದಿಯ ಮೇಲ್ಭಾಗದಲ್ಲಿ ಚರ್ಮ ಟೊಪ್ಪಿಯಂತೆ ಕೂತಿತ್ತು, ಕೆಳಗಡೆ ಚರ್ಮವೇ ಇರಲಿಲ್ಲ. ದೇವರೇ ಅರ್ಧ ಸುನ್ನತಿ ಮಾಡಿ ಕಳಿಸಿದ್ದಾನೆ, ಉಳಿದದ್ದನ್ನು ಮುಗಿಸೋಣ ಅಂತ ಮನೆಯವರಿಗೆ ಖುಷಿ. ಕೂಸು ಉಚ್ಚೆ ಹೊಯ್ದಾಗ ಅದು ಮುಂದಕ್ಕೆ ಹೋಗದೆ ಅವನ ಕಾಲ ಮೇಲೇ ಬೀಳುತ್ತದೆ ಅಂತ ಗಮನಿಸಿದ್ದು ಅಜ್ಜಿ. ಮೂತ್ರದ ತೂತು ತುದಿಯಲ್ಲಿ ಇರಲಿಲ್ಲ, ಕೆಳಗಡೆ ಇತ್ತು. ಇದಕ್ಕೆ ಹೈಪೋಸ್ಪೇಡಿಯಾಸ್ ಅನ್ನುತ್ತಾರೆ, ಅಷ್ಟೇನೂ ಅಪರೂಪ ಅಲ್ಲ. ತೂತನ್ನು ಸರಿ ಜಾಗಕ್ಕೆ ತರುವ ಆಪರೇಶನ್‌ಗೆ ಬೇಕಾಗುವುದೇ ಆ ಟೊಪ್ಪಿ ಚರ್ಮ. ಅದನ್ನು ಕತ್ತರಿಸಿ ಎಸೆದಿದ್ದರೆ ಆ ಹುಡುಗನ ಚಿಕಿತ್ಸೆ ತೀರಾ ಕಷ್ಟವಾಗುತ್ತಿತ್ತು. ಅಜ್ಜಿಯ ಕಣ್ಣು ಅವನನ್ನು ಉಳಿಸಿತು.

ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಇದೆಯೇ ಅಂತಲೂ ವಿಚಾರಿಸಿ, ಮುಖ್ಯವಾಗಿ ತಾಯಿಯ ಕಡೆ. ಮಾವಂದಿರಿಗೆ ಹಲ್ಲು ಕಿತ್ತಾಗ ದಿನಗಟ್ಟಲೆ ರಕ್ತ ಸೋರಿತ್ತೇ, ಮಂಡಿ ಊದುತ್ತಿತ್ತೇ? ಯಹೂದಿಗಳ ತಾಲ್ಮುದ್ ಗ್ರಂಥದಲ್ಲೇ, ಸುನ್ನತಿಯಿಂದ ಇಬ್ಬರು ಮಕ್ಕಳು ತೀರಿಕೊಂಡ ತಾಯಿಯ ಮೂರನೇ ಮಗನಿಗೆ ಮಾಡಬಾರದು ಅನ್ನುವ ನಿಯಮ ಇದೆ. ಅಷ್ಟು ಹಿಂದೆಯೇ ಮಗುವಿನ ಜೀವ ಮೊದಲು ಅಂತ ಧರ್ಮದವರು ತಿಳಿದಿದ್ದರು. ನಿಮ್ಮಲ್ಲಿ ಶಾಫಿ ಪಂಥದವರು ಸುನ್ನತಿಯನ್ನು ಕಡ್ಡಾಯ ಅನ್ನುತ್ತಾರೆ, ಗೊತ್ತು. ಆದರೆ ಇಂಥದೇ ದಿನ ಆಗಬೇಕು ಅಂತ ಇಲ್ಲವಲ್ಲ. ಕಾಮಾಲೆ ಇದ್ದರೆ, ತೂಕ ಕಡಿಮೆ ಇದ್ದರೆ, ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಆಗಿರದಿದ್ದರೆ ಮುಂದಕ್ಕೆ ಹಾಕಿ. ಅಣ್ಣನ ಟಿಕೆಟ್ ನೋಡಿ ದಿನ ಇಡಬೇಡಿ. ಊಟ ಅಣ್ಣ ಬಂದಾಗಲೇ ಆಗಲಿ, ಆಪರೇಶನ್ ಡಾಕ್ಟರು ಹೇಳಿದ ದಿನ ಆಗಲಿ.

ಯಾವ ವಯಸ್ಸು ಅಂತ ಕೇಳಿದರೆ ನನಗೂ ಸಂಕಟ. ಮೊದಲ ಕೆಲವು ವಾರಗಳಲ್ಲಿ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು, ಬೇಗ ಮಾಯುತ್ತದೆ, ತೊಂದರೆಯೂ ನುರಿತ ಕೈಯಲ್ಲಿ ನೂರಕ್ಕೆ ಒಂದೆರಡು. ದೊಡ್ಡವನಾದ ಮೇಲೆ ಪೂರ್ತಿ ಅರಿವಳಿಕೆ ಬೇಕು, ತೊಂದರೆಗಳೂ ಜಾಸ್ತಿ. ಆದರೆ ಆಗ ಅವನನ್ನು ಕೇಳಬಹುದು. ಇದಕ್ಕೆ ಕೆಳಗಿನ ಪತ್ರದಲ್ಲಿ ಬರುತ್ತೇನೆ.

ಆದ ಮೇಲೆ ಗಾಯಕ್ಕೆ ಬೂದಿ, ಅರಿಶಿನ, ಎಣ್ಣೆ ಯಾವುದೂ ಬೇಡ. ಡಾಕ್ಟರು ಹೇಳಿದ ವ್ಯಾಸಲೀನ್ ಸಾಕು. ತುದಿಯ ಮೇಲೆ ಹಳದಿ ಪೊರೆ ಬಂದರೆ ಅದು ಕೀವಲ್ಲ, ಮಾಯುವ ಲಕ್ಷಣ. ಒರೆಸಿ ತೆಗೆಯಬೇಡಿ. ಪ್ಲಾಸ್ಟಿಕ್ ಉಂಗುರ ಹಾಕಿದ್ದರೆ ವಾರ, ಹತ್ತು ದಿನದಲ್ಲಿ ತಾನೇ ಬೀಳುತ್ತದೆ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಹನ್ನೆರಡು ಗಂಟೆ ಉಚ್ಚೆ ಹೊಯ್ಯದಿದ್ದರೆ, ಜ್ವರ ಬಂದರೆ ತಕ್ಷಣ ಹೊರಡಿ. ಭಟ್ಕಳದಿಂದ ಮಣಿಪಾಲಕ್ಕೆ ಮಳೆಗಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಸಾಮೂಹಿಕ ಸುನ್ನತಿ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗುವುದಾದರೆ ಒಂದನ್ನು ಕಣ್ಣಾರೆ ನೋಡಿ. ಪ್ರತಿ ಮಗುವಿಗೂ ಬೇರೆ ಸ್ಟೆರೈಲ್ ಪ್ಯಾಕ್ ಒಡೆಯಬೇಕು.

ನಾನು ಕಾನೂನು ವಿದ್ಯಾರ್ಥಿನಿ. ಒಪ್ಪಿಗೆ ಕೊಡಲಾಗದ ಮಗುವಿನ ಆರೋಗ್ಯವಂತ ಅಂಗವನ್ನು ಕತ್ತರಿಸುವ ಹಕ್ಕು ತಂದೆ ತಾಯಿಗೆ ಇದೆಯೇ? ನಾವೂ ಕಿವಿ ಚುಚ್ಚಿಸುತ್ತೇವಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಭಾರತದಲ್ಲಿ ನಿಷೇಧ ಬೇಕೇ?
ಕಾರವಾರ

ಕಿವಿಯಿಂದ ಶುರು ಮಾಡುತ್ತೇನೆ. ಓಲೆ ತೆಗೆದಿಟ್ಟರೆ ಎಳೆಯ ಕಿವಿಯ ತೂತು ಮುಚ್ಚಿಕೊಳ್ಳಬಹುದು. ತೆಗೆದ ಚರ್ಮ ಮತ್ತೆ ಹುಟ್ಟುವುದಿಲ್ಲ. ವ್ಯತ್ಯಾಸ ದೊಡ್ಡದೇ. ಆದರೂ ಪ್ರಶ್ನೆಯ ಬೇರು ಒಂದೇ ಅನ್ನುವುದು ಸರಿ, ಹಾಗೆ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಮನೆಯ ರೂಢಿಯನ್ನೂ ಅದೇ ತಕ್ಕಡಿಗೆ ಹಾಕುವವರು ಕಡಿಮೆ.

ಈ ವಾದ ಜರ್ಮನಿಯಲ್ಲಿ ಕೋರ್ಟಿಗೆ ಬಂತು. ಕಲೋನ್ ನಗರದಲ್ಲಿ ನಾಲ್ಕು ವರ್ಷದ ಮುಸ್ಲಿಂ ಹುಡುಗನಿಗೆ ಡಾಕ್ಟರೊಬ್ಬರು ಸುನ್ನತಿ ಮಾಡಿದರು, ಎರಡು ದಿನದ ಮೇಲೆ ರಕ್ತಸ್ರಾವ ಆಯಿತು. 2012ರ ಮೇ ತಿಂಗಳಲ್ಲಿ ಅಲ್ಲಿನ ಕೋರ್ಟು, ಕಾಯಿಲೆ ಇಲ್ಲದೆ ಮಾಡಿದ ಸುನ್ನತಿ ಮೈಗೆ ಮಾಡಿದ ಗಾಯವೇ ಅಂದಿತು. ಡಾಕ್ಟರಿಗೆ ಶಿಕ್ಷೆ ಆಗಲಿಲ್ಲ. ಯಹೂದಿಗಳು, ಮುಸ್ಲಿಮರು ಒಟ್ಟಾಗಿ ವಿರೋಧಿಸಿದರು. ಡಿಸೆಂಬರಿನಲ್ಲೇ ಸಂಸತ್ತು ಹೊಸ ಕಲಮು ತಂದು, ವೈದ್ಯಕೀಯ ನಿಯಮದ ಪ್ರಕಾರ ನಡೆದರೆ ತಂದೆ ತಾಯಿ ಒಪ್ಪಿಗೆ ಕೊಡಬಹುದು ಅಂದಿತು. ಅದಕ್ಕೂ ಮೊದಲು, 2010ರಲ್ಲಿ ನೆದರ್ಲ್ಯಾಂಡ್ಸ್‌ನ ವೈದ್ಯರ ಸಂಘ ಇದು ಮಗುವಿನ ದೇಹದ ಹಕ್ಕಿಗೆ ವಿರುದ್ಧ ಅಂದಿತ್ತು, ಆದರೆ ನಿಷೇಧ ಕೇಳಲಿಲ್ಲ. ಕದ್ದುಮುಚ್ಚಿ ಮಾಡಿಸುತ್ತಾರೆ ಅನ್ನುವ ಹೆದರಿಕೆ. 2018ರಲ್ಲಿ ಐಸ್‌ಲ್ಯಾಂಡಿನಲ್ಲಿ ನಿಷೇಧದ ಮಸೂದೆ ಬಂತು, ಪಾಸಾಗಲಿಲ್ಲ. ನಮ್ಮಲ್ಲೂ 2023ರಲ್ಲಿ ಕೇರಳ ಹೈಕೋರ್ಟ್ ಇಂಥ ಒಂದು ಅರ್ಜಿಯನ್ನು ತಳ್ಳಿಹಾಕಿತು.

ನನ್ನ ನಿಲುವು ಕೇಳಿದರೆ ಹೇಳುತ್ತೇನೆ. ಆ ಮೈ ಮಗುವಿನದು. ತಡೆದುಕೊಳ್ಳಬಹುದಾದ, ವಾಪಸ್ ಬಾರದ ಕೆಲಸವನ್ನು ಅವನು ಮಾತಾಡುವ ವಯಸ್ಸಿನವರೆಗೆ ತಡೆದರೆ ಒಳ್ಳೆಯದು ಅಂತ ನಾನು ನಿಜವಾಗಿ ನಂಬುತ್ತೇನೆ. ಮಕ್ಕಳ ಡಾಕ್ಟರಾಗಿ ಬೇರೆ ರೀತಿ ಯೋಚಿಸಲು ನನಗೆ ಆಗುವುದಿಲ್ಲ. ಆದರೆ ಭಟ್ಕಳದ ಆ ತಂದೆ ತನ್ನ ಮಗನನ್ನು ತನ್ನ ಜನರ ಜೊತೆ ಸೇರಿಸಲು ಹೊರಟವನು, ನೋಯಿಸಲು ಅಲ್ಲ. ಸುನ್ನತಿ ಆಗದ ಹುಡುಗ ತನ್ನವರ ನಡುವೆ ಒಂಟಿಯಾಗಿ ಬೆಳೆಯುವುದೂ ಒಂದು ನೋವೇ. ಅದನ್ನು ಲೆಕ್ಕಕ್ಕೆ ಹಿಡಿಯದ ವಾದ ನನಗೆ ಪೂರ್ತಿ ಅನ್ನಿಸುವುದಿಲ್ಲ. ಹಾಗೆಯೇ ಹೆಣ್ಣುಮಕ್ಕಳ ಅಂಗ ಕತ್ತರಿಸುವ ಪದ್ಧತಿಯನ್ನು ಇದರ ನೆರಳಿನಲ್ಲಿ ತಂದು ನಿಲ್ಲಿಸುವವರಿಗೂ ನಾನು ಒಪ್ಪುವುದಿಲ್ಲ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ, ಹಾನಿ ಜೀವನವಿಡೀ. ವಿಶ್ವ ಆರೋಗ್ಯ ಸಂಸ್ಥೆ ಅದು ನಿಲ್ಲಬೇಕು ಅನ್ನುತ್ತದೆ, ನಾನೂ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಪ್ರಶ್ನೆಯನ್ನು ಒಂದು ಸಮುದಾಯವನ್ನು ಚುಚ್ಚಲು ಬಳಸುವವರನ್ನು ನಾನು ನಮ್ಮ ಜಿಲ್ಲೆಯಲ್ಲೇ ಕಂಡಿದ್ದೇನೆ. ಅವರಿಗೆ ಮಗುವಿನ ಬಗ್ಗೆ ಕಾಳಜಿ ಇಲ್ಲ. ನೀವು ಅವರ ಸಾಲಿನಲ್ಲಿ ನಿಲ್ಲಬೇಡಿ.

ನಿಷೇಧ ಬೇಡ, ನಿಯಮ ಬೇಕು. ಸ್ವೀಡನ್ 2001ರಲ್ಲಿ ಕಾನೂನು ಮಾಡಿತು. ಡಾಕ್ಟರೇ ಮಾಡಬೇಕು. ಎರಡು ತಿಂಗಳೊಳಗಿನ ಕೂಸಿಗಾದರೆ ಸರ್ಕಾರದಿಂದ ಪರವಾನಗಿ ಪಡೆದ ಧಾರ್ಮಿಕ ವ್ಯಕ್ತಿಯೂ ಮಾಡಬಹುದು, ಆದರೆ ಮರಗಟ್ಟಿಸಲು ಡಾಕ್ಟರೋ ನರ್ಸೋ ಇರಲೇಬೇಕು. ನಮ್ಮಲ್ಲಿ ಇಷ್ಟು ಬಂದರೂ ಎಷ್ಟೋ ಮಕ್ಕಳ ನೋವು ತಪ್ಪುತ್ತದೆ. ಪ್ರಬಂಧ ಬರೆಯುವುದಿದ್ದರೆ ಜರ್ಮನಿಯ ಕಲಮನ್ನೂ ಸ್ವೀಡನ್ನಿನ ಕಾನೂನನ್ನೂ ಪಕ್ಕಪಕ್ಕ ಇಟ್ಟು ಓದಿ. ಓದಿದ ಮೇಲೆ ಭಟ್ಕಳ, ಹೊನ್ನಾವರದ ಕಡೆಯ ನಾಲ್ಕು ಮನೆಗೆ ಹೋಗಿ ತಾಯಂದಿರನ್ನು ಮಾತಾಡಿಸಿ. ಮರಗಟ್ಟಿಸುತ್ತೀರಾ ಅಂತ ನನ್ನ ಹತ್ತಿರ ಮೊದಲು ಕೇಳಿದವರು ಯಾವಾಗಲೂ ಅವರೇ.